ಕೂಗಿದ ಹಿಟ್ಟಿನ ಕೋಳಿ

ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ. ಆ ಕಾವ್ಯದ ನಟ್ಟನಡುವೆ ಹಿಟ್ಟು ಕಲಸಿ ಮಾಡಿದ ಒಂದು ಕೋಳಿ ಇದೆ. ಉಜ್ಜಯಿನಿಯ ಅರಸ ಯಶೋಧರ ಕಟ್ಟಿ ಹೇಳಿದ ಒಂದು ಕೆಟ್ಟ ಕನಸಿನ ಮಾತು ಕೇಳಿ ತಾಯಿ ಚಂದ್ರಮತಿ ಹೆದರುತ್ತಾಳೆ, ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ಹಟ ಹಿಡಿಯುತ್ತಾಳೆ. ಕೊಲ್ಲಲಾರೆ ಎನ್ನುತ್ತಾನೆ ಮಗ. ತಾಯಿಯ ಮಾತೂ ನಿಲ್ಲಲಿ, ಮಗನ ವ್ರತವೂ ಉಳಿಯಲಿ ಎಂದು ಹಿಟ್ಟಿನ ಕೋಳಿಗೆ ಇಬ್ಬರೂ ಒಪ್ಪುತ್ತಾರೆ. ಆ ಕೋಳಿಯೊಳಗೆ ಒಂದು ಬೆಂತರ ಸೇರಿಕೊಂಡಿರುತ್ತದೆ. ಕತ್ತಿ ಬಿದ್ದೊಡನೆ ಹಿಟ್ಟು ಕೂಗಿಬಿಡುತ್ತದೆ. ಅಷ್ಟು ಸಾಕಾಯಿತು. ಕೊಲ್ಲುವೆನೆಂದು ಮನಸ್ಸಿನಲ್ಲಿ ಎಣಿಸಿದ ತಪ್ಪಿಗೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಒಂದು ಹನಿ ರಕ್ತ ಚೆಲ್ಲದ ಕೊಲೆಗೆ ಇಷ್ಟು ದೊಡ್ಡ ಶಿಕ್ಷೆ ವಿಧಿಸಿದ ಕಥೆ ಕನ್ನಡದಲ್ಲಿ ಇನ್ನೊಂದಿಲ್ಲ. ಎಂಟು ಶತಮಾನ ಕಳೆದರೂ ಅದು ನಮ್ಮನ್ನು ಬಿಟ್ಟಿಲ್ಲ. ಗಿರೀಶ ಕಾರ್ನಾಡರು ಅದನ್ನೇ ಹಿಡಿದು ‘ಹಿಟ್ಟಿನ ಹುಂಜ’ ನಾಟಕ ಬರೆದರು.

ಕನ್ನಡನಾಡಿನ ಸಸ್ಯಾಹಾರದ ಬಗ್ಗೆ ಇವತ್ತು ಎರಡು ಮಾತುಗಳು ಜೋರಾಗಿ ಕೇಳಿಸುತ್ತವೆ. ಇದು ಈ ಮಣ್ಣಿನ ಸನಾತನ ಆಹಾರ, ಮಾಂಸ ನಡುವೆ ಬಂದದ್ದು ಎನ್ನುವುದು ಒಂದು. ಸಸ್ಯಾಹಾರವೆಂದರೆ ಬ್ರಾಹ್ಮಣರು ಉಳಿದವರ ಮೇಲೆ ಹೇರಿದ ಕಟ್ಟಳೆ ಎನ್ನುವುದು ಇನ್ನೊಂದು. ಶಾಸನ, ಕಾವ್ಯ, ವಚನ, ಅಡುಗೆಯ ಗ್ರಂಥ ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಎರಡೂ ಮಾತು ನಿಲ್ಲುವುದಿಲ್ಲ. ಈ ನಾಡು ಉದ್ದಕ್ಕೂ ಮಾಂಸ ತಿಂದ ನಾಡು. ಅದರ ಎದುರು ನಿಂತು, ಬೇಡ ಎಂದು ವಾದಿಸಿದವರೂ ಇಲ್ಲಿಯವರೇ. ಅವರು ತಮ್ಮ ಕಾಲದ ಯಜ್ಞದ, ಬಲಿಯ, ಅರಮನೆಯ ಪದ್ಧತಿಯನ್ನು ಎದುರುಹಾಕಿಕೊಂಡವರು. ಅವರು ನೆಚ್ಚಿದ್ದು ಕಥೆಯನ್ನು, ನಗೆಯನ್ನು, ತಾನು ಉಂಡ ನೋವನ್ನು ತಾನೇ ಹೇಳುವ ಸಾಕ್ಷಿಯ ಮಾತನ್ನು. ಸಸ್ಯಾಹಾರ ಇಲ್ಲಿ ಗೆದ್ದಷ್ಟು ಗೆದ್ದದ್ದು ಆ ಮಾತುಗಳಿಂದ, ಮಡಿಯಿಂದಲ್ಲ. ಮಡಿ ಬಂದಮೇಲೆ ಅದು ಸೋಲತೊಡಗಿತು ಎಂಬುದು ನನ್ನ ವಾದ.

ಮೊದಲು, ತಿಂದವರ ವಿಷಯ. ಸುರಪುರದ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಅಗೆದಾಗ ಬೂದಿದಿಬ್ಬದ ಜೊತೆಗೆ ದನಗಳನ್ನು ಕಡಿದು ಪಾಲು ಮಾಡಿದ ಅಂಗಳವೇ ಸಿಕ್ಕಿದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ಅದೇ ಕಾಲದ ಜನ ಹುರುಳಿ, ಹೆಸರು, ಕಿರುಧಾನ್ಯ ಬೆಳೆದರು, ದನ ಕುರಿಗಳನ್ನೂ ಸಾಕಿ ತಿಂದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟಕ್ಕೇ ಒಂದು ಭಾಗ ಮೀಸಲಾಗಿದೆ. ಇಂದಿನ ಇಡ್ಲಿ, ದೋಸೆ, ವಡೆಗಳ ಪೂರ್ವಜರು ಅಲ್ಲಿದ್ದಾರೆ. ಅವುಗಳ ಪಕ್ಕದಲ್ಲೇ ಹಂದಿ, ಆಮೆ, ಹೊಳೆದಂಡೆಯ ಹೊಲದ ಕಪ್ಪು ಇಲಿಗಳನ್ನು ಬೇಯಿಸಿ ಹುರಿಯುವ ವಿಧಾನವೂ ಇದೆ. ಇಡ್ಲಿಯನ್ನು ಸಾತ್ವಿಕ ಆಹಾರದ ಸಂಕೇತವೆಂದು ಎತ್ತಿ ಹಿಡಿಯುವವರು ಆ ಭಾಗವನ್ನು ಪೂರ್ತಿ ಓದಬೇಕು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಬೀದಿ ಬೀದಿಯಲ್ಲಿ ಕುರಿಮಾಂಸ ಮಾರುತ್ತಿದ್ದುದನ್ನು ಕಂಡ. ಅವನ ಬಳಿಕ ಬಂದ ನೂನಿಜ್, ಇಲ್ಲಿಯ ಅರಸರು ಎತ್ತು ಆಕಳು ಬಿಟ್ಟು ಮಿಕ್ಕೆಲ್ಲ ಮಾಂಸ ತಿನ್ನುತ್ತಾರೆ ಎಂದು ಬರೆದಿಟ್ಟ. ಪಟ್ಟಿ ಬೆಳೆಸುವುದು ಬೇಡ. ಹೊಲ, ಅರಮನೆ, ಪೇಟೆ ಮೂರೂ ಕಡೆ ಮಾಂಸ ಇತ್ತು ಎಂಬುದಕ್ಕೆ ಇಷ್ಟು ಸಾಕು.

ಅದರ ವಿರುದ್ಧದ ದನಿಯೂ ಹಳೆಯದೇ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ತಾಯಿ ತಂದೆಯರ ಮಾತು ಕೇಳುವುದು, ಸತ್ಯ ನುಡಿಯುವುದು ಇವುಗಳ ಸಾಲಿನಲ್ಲೇ ಜೀವಿಗಳ ಮೇಲಿನ ದಯೆಯನ್ನೂ ಹೇಳಿದೆ. ಆದರೆ ಅದು ಚಕ್ರವರ್ತಿಯ ಅಪ್ಪಣೆ. ಅಪ್ಪಣೆಯಿಂದ ಜನರ ಊಟ ಬದಲಾಗಲಿಲ್ಲ ಎನ್ನಲು ಮುಂದಿನ ಸಾವಿರ ವರ್ಷವೇ ಸಾಕ್ಷಿ. ಜನರ ಮನಸ್ಸಿನ ತನಕ ಇಳಿದವರು ಜೈನ ಕವಿಗಳು. ಇಂದಿನ ಗದಗ ಜಿಲ್ಲೆಯ ಮುಳುಗುಂದದಲ್ಲಿ ಕೂತು 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನ ಸಂಸ್ಕೃತದ ಬಿಗುವನ್ನು ಬೇಕೆಂದೇ ಸಡಿಲಿಸಿ, ಹಳ್ಳಿಯ ಬಾಯಿಗೆ ಬರುವ ಹೋಲಿಕೆಗಳನ್ನು ಸಾಲುಗಟ್ಟಿಸಿ, ವ್ರತಕ್ಕೊಂದರಂತೆ ಕಥೆ ಹೇಳಿದ. ಬ್ರಹ್ಮಶಿವ ‘ಸಮಯಪರೀಕ್ಷೆ’ಯಲ್ಲಿ ಅನ್ಯಮತಗಳ ಆಚರಣೆಗಳನ್ನು ಗೇಲಿ ಮಾಡಿದ. ಅವನ ಗೇಲಿ ಬಹಳ ಕಡೆ ಒರಟು, ಎದುರಾಳಿಗೆ ನ್ಯಾಯ ಒದಗಿಸುವಂಥದ್ದಲ್ಲ. ಆದರೂ ಒಂದು ವಿಷಯ ಅದರಿಂದ ಸ್ಪಷ್ಟವಾಗುತ್ತದೆ: ಕೇಳುಗನನ್ನು ನಗಿಸದೆ ಅವನ ತಟ್ಟೆಯ ಬಗ್ಗೆ ಮಾತಾಡಲಾಗದು ಎಂದು ಈ ಕವಿಗಳಿಗೆ ಗೊತ್ತಿತ್ತು. ಉಣ್ಣುವವನನ್ನು ಬೈದರೆ ಅವನು ಎದ್ದು ಹೋಗುತ್ತಾನೆ. ಕಥೆ ಹೇಳಿದರೆ ಕೂರುತ್ತಾನೆ.

ಜನ್ನ ಈ ಎಲ್ಲರಿಗಿಂತ ದೂರ ಹೋದ. ಅವನ ಕಾವ್ಯದ ಕಟ್ಟೋಣವನ್ನು ಗಮನಿಸಿ. ಮಾರಿದತ್ತನೆಂಬ ರಾಜ ಚಂಡಮಾರಿಗೆ ಬಲಿ ಕೊಡಲು ಎಲ್ಲ ಪ್ರಾಣಿಗಳ ಜೋಡಿಗಳನ್ನು ಕೂಡಿಹಾಕಿದ್ದಾನೆ. ಮನುಷ್ಯರ ಜೋಡಿಯೂ ಬೇಕು. ತಳವಾರರು ಹಿಡಿದು ತಂದದ್ದು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣ ತಂಗಿಯರನ್ನು. ಕತ್ತಿಯ ಕೆಳಗೆ ನಿಂತ ಹುಡುಗ ಶಾಸ್ತ್ರ ಹೇಳುವುದಿಲ್ಲ, ಶಾಪ ಹಾಕುವುದಿಲ್ಲ. ತನ್ನ ಕಥೆ ಹೇಳುತ್ತಾನೆ. ಯಶೋಧರ ನಾನೇ ಆಗಿದ್ದೆ, ಇವಳು ನನ್ನ ತಾಯಿ ಚಂದ್ರಮತಿಯಾಗಿದ್ದಳು, ನಾವು ಮೀನಾಗಿ ಹೀಗೆ ಬೆಂದೆವು, ಆಡಾಗಿ ಹೀಗೆ ಕಡಿಸಿಕೊಂಡೆವು ಎಂದು. ಅದರೊಳಗೆ ನಗಬೇಕೋ ನಡುಗಬೇಕೋ ತಿಳಿಯದ ಒಂದು ಘಟ್ಟ ಬರುತ್ತದೆ. ತಂದೆಗೆ ಸದ್ಗತಿ ಸಿಗಲೆಂದು ಮಗ ಶ್ರಾದ್ಧ ಮಾಡಿಸುತ್ತಾನೆ. ಆ ಶ್ರಾದ್ಧದ ಅಡುಗೆಗೆ ಬಂದ ಪ್ರಾಣಿ ಆ ತಂದೆಯೇ. ಸತ್ತವನ ಹೆಸರಿನಲ್ಲಿ ಸತ್ತವನನ್ನೇ ಬಡಿಸುವ ಈ ಸನ್ನಿವೇಶ ಶ್ರಾದ್ಧದಲ್ಲಿ ಮಾಂಸ ಬಡಿಸುವ ಪದ್ಧತಿಗೆ ಕೊಟ್ಟ ಹೊಡೆತ. ಯಾವ ಧರ್ಮಗ್ರಂಥದ ನಿಷೇಧವೂ ಇಷ್ಟು ಆಳಕ್ಕೆ ತಾಗಲಾರದು. ಕೊಲ್ಲಿಸಿಕೊಂಡ ಪ್ರಾಣಿಯ ಬಾಯಿಗೆ ‘ನಾನು’ ಎಂಬ ಮಾತನ್ನು ಕೊಟ್ಟದ್ದು ಜನ್ನನ ದೊಡ್ಡತನ. ಮಾರಿದತ್ತ ಕತ್ತಿ ಕೆಳಗಿಡುವುದು ಪಾಪದ ಲೆಕ್ಕಕ್ಕೆ ಹೆದರಿ ಮಾತ್ರವಲ್ಲ. ಕೂಡಿಹಾಕಿದ ಪ್ರಾಣಿಗಳಲ್ಲಿ ಒಂದೊಂದೂ ಹೀಗೆ ಮಾತಾಡಬಲ್ಲದು ಎಂದು ಅವನಿಗೆ ಹೊಳೆದುಬಿಟ್ಟಿದೆ. ಪುನರ್ಜನ್ಮವನ್ನು ನಂಬದ ಓದುಗನಿಗೂ ಆ ಹೊಳಹು ತಪ್ಪದೆ ದಾಟುತ್ತದೆ.

ಸೋಮೇಶ್ವರನ ಅಡುಗೆಮನೆ ಇದ್ದ ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ಬಳಿಕ, ಬಸವಣ್ಣ ಒಂದು ಹೋತವನ್ನು ಕರೆದು ಮಾತಾಡಿಸಿದ. ಯಜ್ಞಕ್ಕೆಂದು ಕೊಲ್ಲಲು ತಂದ ಹೋತಕ್ಕೆ, ವೇದ ಓದಿದವರ ಮುಂದೆ ಅಳು, ನಿನ್ನ ಅಳಲಿಗೆ ತಕ್ಕುದನ್ನು ದೇವರು ಮಾಡುತ್ತಾನೆ ಎಂದು ಹೇಳುವ ವಚನ ಅದು. ಇನ್ನೊಂದು ವಚನದಲ್ಲಿ ಹಬ್ಬದ ಬಲಿಗೆ ತಂದ ಕುರಿ, ಅದೇ ಹಬ್ಬದ ತೋರಣಕ್ಕೆ ತಂದ ಚಿಗುರನ್ನು ಹಸಿವಿನಿಂದ ಮೇಯುತ್ತದೆ. ಎರಡರಲ್ಲೂ ಮಾಂಸ ತಿನ್ನಬೇಡಿ ಎಂಬ ವಿಧಿ ಇಲ್ಲ. ಪ್ರಾಣಿ ಇದೆ, ಅದರ ಹಸಿವು ಇದೆ, ಅದರ ಅಳು ಇದೆ. ಕೇಳಿದವನು ತೀರ್ಮಾನಕ್ಕೆ ತಾನೇ ಬರಬೇಕು. ಆ ದಿನಗಳಲ್ಲಿ ಮಾಂಸ ಬಿಟ್ಟವರು ಯಾರು ಎಂಬುದನ್ನೂ ನೋಡಬೇಕು. ಮಾದರ ಚೆನ್ನಯ್ಯ, ಡೋಹರ ಕಕ್ಕಯ್ಯರ ಹೆಸರನ್ನು ತಲೆಯ ಮೇಲೆ ಹೊತ್ತ ಆ ಶರಣರ ಕೂಟಕ್ಕೆ ಎಲ್ಲ ಕಸುಬುಗಳ, ಎಲ್ಲ ಹುಟ್ಟುಗಳ ಜನ ಬಂದರು. ಕುಡಿತವನ್ನೂ ಮಾಂಸವನ್ನೂ ಬಿಡುವುದು ಅಲ್ಲಿ ಒಬ್ಬೊಬ್ಬರೂ ತಾವಾಗಿ ಹಿಡಿದ ವ್ರತ, ಹೊಸ ಬದುಕಿಗೆ ಒಳಬರುವ ಬಾಗಿಲು. ಹುಟ್ಟಿನಿಂದ ಬಂದ ಗುರುತು ಆಗಿರಲಿಲ್ಲ.

ಆ ಬಾಗಿಲು ಮುಚ್ಚಿಕೊಳ್ಳಬಹುದು ಎಂದು ಮೊದಲೇ ಕಂಡವಳೂ ಅದೇ ಕೂಟದವಳು. ಉರಿಲಿಂಗಪೆದ್ದಿಯ ಮಡದಿ ಕಾಳವ್ವೆ ತನ್ನ ವಚನವೊಂದರಲ್ಲಿ ನೇರವಾಗಿ ಕೇಳುತ್ತಾಳೆ: ಕುರಿ ಕೋಳಿ ಮೀನು ತಿನ್ನುವವರು ಕುಲವಂತರು ಎನಿಸಿಕೊಳ್ಳುವಾಗ, ಶಿವನಿಗೆ ಹಾಲು ಕರೆಯುವ ಹಸುವನ್ನು ತಿಂದ ಮಾದಿಗ ಮಾತ್ರ ಕೀಳು ಹೇಗಾದ? ಅದೇ ಹಸುವಿನ ತೊಗಲಿನಲ್ಲಿ ತುಂಬಿದ ತುಪ್ಪವನ್ನು ಮೇಲಿನವರು ಉಣ್ಣುತ್ತಾರಲ್ಲ? ಎಂಟುನೂರು ವರ್ಷಗಳ ಹಿಂದೆ ಕೆಳಗಿನ ಕೇರಿಯ ಹೆಂಗಸೊಬ್ಬಳು ಎತ್ತಿದ ಈ ಪ್ರಶ್ನೆಗೆ ಇಂದಿಗೂ ಸರಿಯಾದ ಉತ್ತರ ಬಂದಿಲ್ಲ. ತಿನ್ನುವ ಪ್ರಾಣಿಯನ್ನು ನೋಡಿ ಮನುಷ್ಯನ ಎತ್ತರ ಅಳೆಯುವವರಿಗೆ ಪ್ರಾಣಿಯ ನೋವು ಮುಖ್ಯವಾಗಿರುವುದಿಲ್ಲ ಎಂದು ಅವಳು ತೋರಿಸಿಕೊಟ್ಟಳು. ಇದರ ಜೊತೆಗೆ ಕಣ್ಣಪ್ಪನನ್ನೂ ನೆನೆಯಬೇಕು. ಬೇಟೆಯ ಮಾಂಸವನ್ನು ತಾನು ಮೊದಲು ರುಚಿ ನೋಡಿ, ಒಳ್ಳೆಯ ತುಂಡನ್ನು ಶಿವನಿಗೆ ಇಟ್ಟ ಬೇಡ ಅವನು. ಮಾಂಸ ಮುಟ್ಟದ ಶಿವಭಕ್ತರೇ ಅವನನ್ನು ಅರವತ್ತುಮೂವರು ಪುರಾತನರಲ್ಲಿ ಎಣಿಸಿ ಪೂಜಿಸಿದರು. ಹೆಚ್ಚುಕಡಿಮೆ ಜನ್ನನ ಕಾಲದವನೇ ಆದ ಹರಿಹರ ಅವನ ಮೇಲೆ ರಗಳೆ ಬರೆದ. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ರಾಜಕುಮಾರ್ ತೆರೆಗೆ ಬಂದಾಗ ಎಲ್ಲ ಜಾತಿಯ ಕನ್ನಡಿಗರೂ ಕೈಮುಗಿದರು. ತಾನು ತಿನ್ನದ ಆಹಾರವನ್ನು ತಿಂದವನ ಕಾಲಿಗೆ ಬೀಳಬಲ್ಲ ಸಸ್ಯಾಹಾರ ಈ ನಾಡಿನಲ್ಲಿ ಇತ್ತು. ಅದನ್ನು ಮರೆತಿರುವುದು ನಮಗಾದ ದೊಡ್ಡ ನಷ್ಟ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಸಸ್ಯಾಹಾರ ಬ್ರಾಹ್ಮಣರದೇ ಹೇರಿಕೆ ಎನ್ನುವವರು ಕಾಲಾನುಕ್ರಮವನ್ನು ತಿರುಗಿಸಿ ಇಡುತ್ತಿದ್ದಾರೆ. ಮನುಸ್ಮೃತಿ ಮಾಂಸ ಬಿಟ್ಟವನನ್ನು ಹೊಗಳುತ್ತದೆ, ನಿಜ. ಅದೇ ಉಸಿರಿನಲ್ಲಿ ಯಜ್ಞದಲ್ಲಿ, ಶ್ರಾದ್ಧದಲ್ಲಿ ಮಾಂಸಕ್ಕೆ ಒಪ್ಪಿಗೆ ಕೊಡುತ್ತದೆ. ಜನ್ನ, ಬಸವಣ್ಣ ಇಬ್ಬರ ಬಾಣವೂ ನೆಟ್ಟದ್ದು ಆ ಒಪ್ಪಿಗೆಗೇ. 13ನೇ ಶತಮಾನದ ಮಧ್ವಾಚಾರ್ಯರ ಪರಂಪರೆಯಲ್ಲಿ ಯಜ್ಞಕ್ಕೆ ನಿಜವಾದ ಪಶುವಿನ ಬದಲು ಹಿಟ್ಟಿನ ಪಶುವನ್ನು ಬಳಸುವ ಪಿಷ್ಟಪಶುವಿನ ಪದ್ಧತಿ ಬಂತು. ಜೈನರೂ ಶರಣರೂ ಎಬ್ಬಿಸಿದ ಪ್ರಶ್ನೆ ಅಷ್ಟು ಹೊತ್ತಿಗೆ ಯಜ್ಞಶಾಲೆಯ ಒಳಗೂ ಕೇಳಿಸತೊಡಗಿತ್ತು ಎಂದು ನಾನು ಇದನ್ನು ಓದುತ್ತೇನೆ. ಹಿಟ್ಟಿನ ಕೋಳಿಯೂ ಕೂಗುತ್ತದೆ ಎಂದು ಜನ್ನ ಬರೆದ ಶತಮಾನದಲ್ಲೇ ಹಿಟ್ಟಿನ ಪಶು ಸಾಕು ಎಂಬ ಪರಿಹಾರವೂ ಬಂದದ್ದು ನಮ್ಮ ಚಿಂತನೆಯ ಚರಿತ್ರೆಯ ಬಹಳ ಮುಖ್ಯವಾದ ಗಳಿಗೆ. ಒಬ್ಬರಿಗೆ ಕೊಲ್ಲುವ ಎಣಿಕೆಯೇ ಪಾಪ, ಇನ್ನೊಬ್ಬರಿಗೆ ಜೀವ ಉಳಿದರೆ ಅದೇ ದೊಡ್ಡದು. ಆಯುಧಪೂಜೆಯ ದಿನ ಲೇತು, ಲಾರಿ, ಬಸ್ಸುಗಳ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯುವ ನಾವೆಲ್ಲ ಎರಡನೆಯ ಕಡೆಯವರು. ಜನ್ನನ ಅಳತೆಗೆ ನಾವು ನಿಲ್ಲಲಾರೆವು. ಆದರೆ ಉಳಿದ ಜೀವಗಳನ್ನು ನೆನೆದರೆ ಈ ಪಕ್ಷಕ್ಕೆ ನಾಚಬೇಕಾದ್ದಿಲ್ಲ ಎಂದು ನನಗೆ ಅನಿಸುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಇದೆಲ್ಲ ಪುಸ್ತಕದ ಮಾತು, ಬರೆದವರು ಕೆಲವರು, ಉಂಡವರು ಲಕ್ಷಾಂತರ ಎಂಬುದು. ಒಪ್ಪುತ್ತೇನೆ. ಊರೇ ಸಸ್ಯಾಹಾರಿಯಾಗಿದ್ದರೆ ಇಷ್ಟು ಕಥೆ ಕಟ್ಟುವ ಅಗತ್ಯವೇ ಬರುತ್ತಿರಲಿಲ್ಲ. ಆದರೆ ಪುಸ್ತಕಗಳಲ್ಲಿ ಅಡುಗೆಯ ಪುಸ್ತಕಗಳೂ ಇವೆ. 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಮಳೆ, ಬಾವಿ, ಗಿಡಮರಗಳ ವಿಷಯದ ಜೊತೆ ಅಡುಗೆಯ ಅಧ್ಯಾಯ ಒಂದಿದೆ, ಮಾಂಸ ಅದರೊಳಗಿಲ್ಲ. 16ನೇ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಅರಸುಮನೆತನದ ಜೈನ ಕವಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಹಿಟ್ಟಿನ ತಿಂಡಿ, ಪಾನಕ, ಪಾಯಸ, ಅನ್ನದ ಬಗೆಗಳು, ಬದನೆ, ಹಲಸು, ಬಾಳೆ. ಒಂದು ಬದನೆಕಾಯಿಯನ್ನು ಎಷ್ಟು ಬಗೆಯಲ್ಲಿ ಪಳಗಿಸಬಹುದು ಎಂದು ತೋರಿಸುವ ಅವನ ಸಡಗರ ನೋಡಬೇಕು. ಪಾಪಪುಣ್ಯದ ಮಾತೆತ್ತದೆ ನಾಲಗೆಯನ್ನೇ ಒಲಿಸಿಕೊಳ್ಳುವ ದಾರಿ ಇದು. ಜನ್ನನ ಕಥೆ ಕೇಳಿ ಮಾಂಸ ಬಿಟ್ಟವನಿಗೆ ಮರುದಿನ ಏನು ತಿನ್ನಲಿ ಎಂಬ ಪ್ರಶ್ನೆ ಏಳುತ್ತದಲ್ಲ, ಅದಕ್ಕೆ ಉತ್ತರ ಮಂಗರಸನ ಬಳಿ ಇದೆ. 20ನೇ ಶತಮಾನದಲ್ಲಿ ಉಡುಪಿಯ ಹೋಟೆಲಿನವರು ಮಸಾಲೆದೋಸೆ ಹಿಡಿದು ಮುಂಬಯಿ, ಮದರಾಸುಗಳನ್ನು ಗೆದ್ದದ್ದೂ ಇದೇ ದಾರಿಯಲ್ಲಿ. ಮಿಲಿಟರಿ ಹೋಟೆಲಿನಲ್ಲಿ ಬೋಟಿ ತಿಂದವನೂ ಮರುದಿನ ಬೆಳಗ್ಗೆ ಅದೇ ದೋಸೆಯ ಮುಂದೆ ಸಂತೋಷದಿಂದ ಕೂರುತ್ತಾನೆ.

ಆದರೆ ಆ ಹೋಟೆಲುಗಳ ಚರಿತ್ರೆಯಲ್ಲೇ ಕೆಟ್ಟ ತಿರುವೂ ಇದೆ. ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಬೆಂಚು ಎಂಬ ಏರ್ಪಾಡು ಕಳೆದ ಶತಮಾನದಲ್ಲೂ ಹಲವು ಕಡೆ ನಡೆದಿತ್ತು. ಬೆಂಗಳೂರಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಮನೆ ಬಾಡಿಗೆಗಿದೆ ಎಂಬ ಫಲಕ ಇಂದಿಗೂ ನೇತಾಡುತ್ತದೆ, ಅದರ ಹಿಂದೆ ಜಾತಿ ಕೇಳುವ ನಾಲಗೆ ಇರುವುದು ಎಲ್ಲರಿಗೂ ಗೊತ್ತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ನಿಷಿದ್ಧವೆಂದು ಸೇರಿಸಿದರು. ಬಾಡೂಟ ಬೇಕೆಂಬ ಕೂಗು ಎದ್ದಿತು. ಏಳುವುದೇ ನ್ಯಾಯ. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಾಂಸ ತಿನ್ನದವರು ನೂರಕ್ಕೆ ಸುಮಾರು 21 ಮಂದಿ. ಉಳಿದವರ ಮನೆಯ ಊಟವನ್ನು ಚಟಗಳ ಸಾಲಿನಲ್ಲಿ ನಿಲ್ಲಿಸುವುದು ಅವಮಾನ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೆ. ಆ ನಿಯಮದಲ್ಲಿ ಪ್ರಾಣಿ ಎಲ್ಲಿಯೂ ಇಲ್ಲ. ಬಸವಣ್ಣನ ಹೋತಕ್ಕೆ ಅದರಲ್ಲಿ ಜಾಗವಿಲ್ಲ. ಮೈಲಿಗೆಯ ಭಯ ಒಂದೇ ಉಳಿದಿದೆ.

ಹಾಗಾದರೆ ದಯೆಯ ಮಾತನ್ನೇ ಬಿಟ್ಟುಬಿಡೋಣವೇ, ಸಂಪ್ರದಾಯವೆಂದು ಕೊಲ್ಲುವುದನ್ನು ನೋಡುತ್ತ ಕೂರೋಣವೇ ಎಂದು ಕೇಳುವವರಿದ್ದಾರೆ. ಬಿಡಬಾರದು. ಕೊಲ್ಲುವುದು ನೋವಿನ ಕೆಲಸ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ನಾನು ಪೂರ್ತಿ ನಂಬುತ್ತೇನೆ. ಆದರೆ ಕಾನೂನು ಎಷ್ಟು ಮಾಡಬಲ್ಲದು ಎಂಬುದನ್ನು ನಾವು ನೋಡಿದ್ದೇವೆ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ತಡೆಯುವ ಕಾಯಿದೆ ರಾಜ್ಯದಲ್ಲಿ 1959ರಿಂದಲೇ ಇದೆ. ಮಾರಿಯ ಜಾತ್ರೆಗಳಲ್ಲಿ ಹರಕೆಯ ಕುರಿ ಕೋಳಿ ನಿಂತಿಲ್ಲ, ಗುಡಿಯಿಂದ ನಾಲ್ಕು ಮಾರು ದೂರ ಸರಿದಿವೆ. ಇದರ ಎದುರಿಗೆ ಯಾವ ಕಾಯಿದೆಯೂ ಇಲ್ಲದೆ ನಡೆಯುವುದನ್ನು ಇಟ್ಟು ನೋಡಿ. ಹಳೆ ಮೈಸೂರಿನ ಮಾಂಸಾಹಾರಿ ಮನೆಗಳಲ್ಲಿ ಸೋಮವಾರ, ಶನಿವಾರ ಬಾಡು ಬೇಯುವುದಿಲ್ಲ. ಶ್ರಾವಣ ಪೂರ್ತಿ ಬಿಡುವವರು ಎಷ್ಟೋ ಮಂದಿ. ಯುಗಾದಿಯ ದಿನ ಹೋಳಿಗೆ, ಮರುದಿನ ಹೊಸತೊಡಕಿಗೆ ಬಾಡು. ಶ್ರಾವಣ ಕಳೆದು ಮಹಾಲಯ ಬಂದಾಗ ಹಿರಿಯರ ಎಡೆಗೆ ಮತ್ತೆ ಬಾಡು. ನಡುವಿನ ದಿನಗಳಲ್ಲಿ ಮುದ್ದೆಗೆ ಉಪ್ಪುಸಾರು, ಬಸ್ಸಾರು, ಹುರುಳಿಕಟ್ಟು. ಲೆಕ್ಕ ಹಾಕಿದರೆ ಈ ನಾಡಿನಲ್ಲಿ ಮಾಂಸವಿಲ್ಲದೆ ನಡೆಯುವ ಊಟಗಳಲ್ಲಿ ಬಹುಪಾಲು ಮಾಂಸಾಹಾರಿಗಳ ಮನೆಯಲ್ಲೇ ನಡೆಯುತ್ತವೆ. ಬಡತನವೂ ಅದಕ್ಕೆ ಒಂದು ಕಾರಣವೆಂದು ಬಲ್ಲೆ. ಆದರೆ ಕೈಯಲ್ಲಿ ದುಡ್ಡಿದ್ದವನೂ ಸೋಮವಾರ ಬಿಡುತ್ತಾನಲ್ಲ, ಅದನ್ನು ಬಡತನ ವಿವರಿಸುವುದಿಲ್ಲ. ಶತಮಾನಗಳ ವಾದ ಸದ್ದಿಲ್ಲದೆ ಗೆದ್ದುಕೊಂಡ ದಿನಗಳು ಅವು. ಇವನ್ನು ಸಸ್ಯಾಹಾರವೆಂದು ಎಣಿಸದೆ, ತಿನ್ನುವವರು ತಿನ್ನದವರು ಎಂದು ನಾಡನ್ನು ಎರಡಾಗಿ ಸೀಳಿ ನೋಡುವುದು ಚರಿತ್ರೆಗೆ ಮಾಡುವ ಅನ್ಯಾಯ.

2021ರ ಡಿಸೆಂಬರಿನಲ್ಲಿ ಬೀದರ, ರಾಯಚೂರು, ಯಾದಗಿರಿ ಮೊದಲಾದ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಅಪೌಷ್ಟಿಕತೆ ಹೆಚ್ಚಿದ್ದ ಜಿಲ್ಲೆಗಳವು. ಮೊಟ್ಟೆ ಬೇಡವೆಂದ ಮಗುವಿಗೆ ಬಾಳೆಹಣ್ಣು ಇತ್ತು. ಯಾರ ತಟ್ಟೆಗೂ ಬಲವಂತ ಇರಲಿಲ್ಲ. ಹಾಗಿದ್ದೂ ಬೇರೆಯವರ ಮಗುವಿನ ಕೈಯಿಂದ ಮೊಟ್ಟೆ ತೆಗೆಸಲು ಹೊರಟದ್ದು ಶರಣರ ದಾರಿಯಾಗಿರಲಿಲ್ಲ. ಮಠಗಳಿಗೆ ದೊಡ್ಡ ಶಾಲೆಗಳಿವೆ, ಪೀಠಗಳಿವೆ, ಸಾವಿರಾರು ಜನ ಕೇಳುವ ಪ್ರವಚನಗಳಿವೆ. ಹೋತದ ವಚನ ಅವರದೇ ಆಸ್ತಿ. ಅದನ್ನು ಮಕ್ಕಳ ಎದುರು ಓದಿ ಅರ್ಥ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಯಾವ ಸರ್ಕಾರದ ಅಪ್ಪಣೆಯೂ ಬೇಡ. ಕೇಳಿದ ಮಗು ನಾಳೆ ಬಾಳೆಹಣ್ಣನ್ನೇ ಎತ್ತಿಕೊಂಡರೆ ಅದು ಆ ಮಗುವಿನ ವ್ರತ. ಮೊಟ್ಟೆಯನ್ನು ಎತ್ತಿಕೊಂಡರೆ ಪಕ್ಕದಲ್ಲೇ ಕೂರಿಸಿಕೊಂಡು ಊಟ ಮುಗಿಸಬೇಕು.